ಹಾಡು ಕುಗ್ಗಿಸುವ ಮುನ್ನ: ಯಾವ ಫಾರ್ಮ್ಯಾಟ್, ಎಷ್ಟು ಬಿಟ್‌ರೇಟ್?

ಅಟ್ಟದ ಮೇಲಿದ್ದ ಕ್ಯಾಸೆಟ್ ಡಬ್ಬಗಳನ್ನು ಕೆಳಗಿಳಿಸಿ ಕಂಪ್ಯೂಟರಿಗೆ ಹಾಕಿಕೊಳ್ಳುವ ಕೆಲಸ ಈಗ ಎಷ್ಟೋ ಮನೆಗಳಲ್ಲಿ ನಡೆದಿದೆ. ಊರ ಬಯಲಾಟ, ಅಜ್ಜಿ ಹೇಳಿದ ಸಂಪ್ರದಾಯದ ಹಾಡು, ರಾಮನವಮಿಯ ಪೆಂಡಾಲಿನಲ್ಲಿ ಮುಂದೆ ಕೂತು ಯಾರೋ ಟೇಪ್ ಮಾಡಿಕೊಂಡ ಕಛೇರಿ, ಎಲ್ಲವೂ ಒಂದು ವೈರಿನ ಮೂಲಕ ಲ್ಯಾಪ್‌ಟಾಪ್ ಸೇರುತ್ತವೆ. ಅಲ್ಲಿಯವರೆಗೆ ಸಲೀಸು. 'ಎಕ್ಸ್‌ಪೋರ್ಟ್' ಒತ್ತಿದೊಡನೆ ತೊಡಕು ಶುರುವಾಗುತ್ತದೆ. ಎಂಪಿ3 ಬೇಕೋ, ಎಎಸಿ ಬೇಕೋ, ಓಪಸ್ ಬೇಕೋ? 128 ಸಾಕೋ, 320 ಬೇಕೋ? ಕಾನ್‌ಸ್ಟಂಟೋ, ವೇರಿಯಬಲ್ಲೋ? ಕೆಲವರು ಇದ್ದದ್ದನ್ನು ಇದ್ದ ಹಾಗೇ ಬಿಟ್ಟು 'ಓಕೆ' ಒತ್ತುತ್ತಾರೆ. ಉಳಿದವರು ದೊಡ್ಡ ಅಂಕಿಯನ್ನೇ ಆರಿಸಿ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ.

ಆಯ್ಕೆ ನಿಜಕ್ಕೂ ಅಷ್ಟು ಕಷ್ಟದ್ದಲ್ಲ. ಆದರೆ ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು: ನಿಮ್ಮ ಕಿವಿಗೆ ಬೀಳುವ ಗುಣಮಟ್ಟವನ್ನು ಕೆಡಿಸುವುದರಲ್ಲಿ ಕಡಿಮೆ ಬಿಟ್‌ರೇಟಿಗಿಂತ ದೊಡ್ಡ ಪಾಲು ಪದೇ ಪದೇ ಕುಗ್ಗಿಸುವುದರದ್ದು. ಮೂಲದಿಂದ ನೇರವಾಗಿ, ಒಂದೇ ಸಲ 160ಕ್ಕೆ ಇಳಿಸಿದ ಫೈಲು, ಮೂರು ಕೈ ದಾಟಿ ಕೊನೆಗೆ 320 ಎಂಬ ಹಣೆಪಟ್ಟಿ ಹಚ್ಚಿಕೊಂಡ ಫೈಲಿಗಿಂತ ಬಹುಪಾಲು ಚೆನ್ನಾಗಿಯೇ ಇರುತ್ತದೆ.

ಕುಗ್ಗಿಸುವಾಗ ಏನು ಹೋಗುತ್ತದೆ?

ಆಡಿಯೊ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್ (ಕೆಬಿಪಿಎಸ್). ಬಿಟ್‌ರೇಟ್ ಎಂದರೆ ಇದೇ. ಗಂಟೆಗೆ ಹೆಚ್ಚುಕಡಿಮೆ 635 ಎಂಬಿ. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿ ಮಾತ್ರ. ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಮಾಯ, ಹಾಡು ಮಾತ್ರ ಹಾಡಿನ ಹಾಗೇ ಕೇಳಿಸುತ್ತದೆ.

ಇದು ಸಾಧ್ಯವಾಗುವುದು ನಮ್ಮ ಕಿವಿಯ ಸ್ವಭಾವದಿಂದ. ದೊಡ್ಡ ಸದ್ದೊಂದು ಕೇಳುತ್ತಿರುವಾಗ ಅದರ ಸಮೀಪದ ಸ್ಥಾಯಿಯ ಸಣ್ಣ ಸದ್ದು ನಮಗೆ ಕೇಳಿಸುವುದೇ ಇಲ್ಲ. ಗಟ್ಟಿ ಪೆಟ್ಟಿನ ನಂತರದ ಕ್ಷಣದಲ್ಲೂ, ಅದಕ್ಕಿಂತ ತುಸುವೇ ಮುಂಚೆಯೂ, ಮೆಲುದನಿಗಳು ಮುಚ್ಚಿಹೋಗುತ್ತವೆ. ಕುಗ್ಗಿಸುವ ತಂತ್ರಾಂಶ, ಅಂದರೆ ಎನ್‌ಕೋಡರ್, ಧ್ವನಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡನ್ನೂ ಸ್ಥಾಯಿವಾರು ಬಿಡಿಸಿ, ಕಿವಿ ಗಮನಿಸದ ಕಡೆ ಒರಟು ಲೆಕ್ಕದಲ್ಲಿ ಬರೆಯುತ್ತದೆ. ಒರಟಾಗಿ ಬರೆದದ್ದರಿಂದ ಹುಟ್ಟುವ ಗದ್ದಲ ದೊಡ್ಡ ಸದ್ದಿನ ಅಡಿಯಲ್ಲಿ ಅಡಗಿಕೊಳ್ಳುತ್ತದೆ. ಬಿಟ್‌ರೇಟ್ ಸಾಲದಾದಾಗ ಆ ಗದ್ದಲ ಹೊರಗೆ ಇಣುಕುತ್ತದೆ. ನಾವು 'ಸೌಂಡ್ ಕೆಟ್ಟಿದೆ' ಎನ್ನುವುದು ಇದಕ್ಕೇ.

ಎಂಪಿ3 ತಂತ್ರದ ಬಹುಪಾಲು ಕೆಲಸ ನಡೆದದ್ದು ಜರ್ಮನಿಯ ಎರ್ಲಾಂಗನ್‌ನಲ್ಲಿ, ಫ್ರೌನ್‌ಹೋಫರ್ ಸಂಸ್ಥೆಯಲ್ಲಿ. ಅದರ ಮಾನಕ ಪ್ರಕಟವಾದದ್ದು 1993ರಲ್ಲಿ. ಅಲ್ಲಿನ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಪರೀಕ್ಷೆಗೆ ಎತ್ತಿಕೊಂಡ ಹಾಡುಗಳಲ್ಲಿ ಅಮೆರಿಕದ ಗಾಯಕಿ ಸುಝಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಒಂದು. ಆರಂಭದ ಪ್ರಯೋಗಗಳಲ್ಲಿ ಆ ಒಂಟಿ ದನಿಯೇ ಕೆಟ್ಟು ಬಂದು, ಲೆಕ್ಕಾಚಾರವನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. 'ಬರೀ ಹಾಡುಗಾರಿಕೆ ತಾನೇ, ಕಡಿಮೆ ಸಾಕು' ಎನ್ನುವವರು ನೆನಪಿಡಬೇಕಾದ ಸಂಗತಿ ಇದು. ವಾದ್ಯಗಳ ಗದ್ದಲವಿಲ್ಲದ ಕಡೆ ತಪ್ಪು ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ.

ಚೆಂಡೆ, ತಂಬೂರಿ, ಚಪ್ಪಾಳೆ

ನಿಮ್ಮ ಸಂಗ್ರಹದಲ್ಲಿ ಏನಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಯಕ್ಷಗಾನದ ಚೆಂಡೆಯನ್ನೇ ತೆಗೆದುಕೊಳ್ಳಿ. ನಿಶ್ಶಬ್ದದ ನಡುವೆ ಒಂದು ಪೆಟ್ಟು ಫಟ್ಟನೆ ಬೀಳುತ್ತದೆ. ಎಂಪಿ3 ಸಾಮಾನ್ಯವಾಗಿ 576 ಅಳತೆಗಳ ತುಂಡಿನ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಸಿ.ಡಿ. ಲೆಕ್ಕದಲ್ಲಿ ಅದು ಸುಮಾರು 13 ಮಿಲಿಸೆಕೆಂಡ್. ಒರಟು ಲೆಕ್ಕದ ಗದ್ದಲ ಆ ತುಂಡಿನ ಉದ್ದಕ್ಕೂ ಹರಡುವುದರಿಂದ ಪೆಟ್ಟು ಬೀಳುವ ಮುಂಚೆಯೇ 'ಸರ್' ಎಂಬ ಸಣ್ಣ ಎಳೆ ಕೇಳಿಸುತ್ತದೆ. ಇದಕ್ಕೆ ಪ್ರೀ-ಎಕೋ ಎನ್ನುತ್ತಾರೆ. ಪೆಟ್ಟಿಗೆ ಮುಂಚಿನ ಸದ್ದನ್ನು ಕಿವಿ ಮುಚ್ಚಿಕೊಳ್ಳುವುದು ಕೆಲವೇ ಮಿಲಿಸೆಕೆಂಡುಗಳ ಮಟ್ಟಿಗೆ. ಆದ್ದರಿಂದ ಚೆಂಡೆಯ ಮೊನಚು ಹೋಗಿ, ಪೆಟ್ಟು ಮೊಂಡಾಗುತ್ತದೆ. ಇಂಥ ಜಾಗ ಬಂದಾಗ ಎನ್‌ಕೋಡರ್ ಸಣ್ಣ ತುಂಡಿಗೆ ಇಳಿಯುತ್ತದೆ: ಎಂಪಿ3ಯಲ್ಲಿ 192 ಅಳತೆ, ಎಎಸಿಯಲ್ಲಿ 128. ಎಎಸಿಯ ತುಂಡು ಮೂರು ಮಿಲಿಸೆಕೆಂಡಿಗೂ ಚಿಕ್ಕದು. ಮೃದಂಗ, ಘಟ, ಖಂಜಿರ, ತಬಲಾಗಳಲ್ಲಿ ಒಂದೇ ಬಿಟ್‌ರೇಟಿನ ಎಎಸಿ ಎಂಪಿ3ಗಿಂತ ಮೇಲು ಎನ್ನಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ತಂಬೂರಿಯ ತೊಂದರೆ ಬೇರೆ. ಅದರ ಜೀವಾಳಿಯಿಂದ ಏಳುವ ಮೇಲಿನ ಸ್ವರಾಂಶಗಳು ಎಡೆಬಿಡದೆ ಝೇಂಕರಿಸುತ್ತಿರಬೇಕು. ಬಿಟ್ ಸಾಲದಾದಾಗ ಎನ್‌ಕೋಡರ್ ಅವುಗಳಲ್ಲಿ ಕೆಲವನ್ನು ಒಂದು ಕ್ಷಣ ಇಟ್ಟು ಮರುಕ್ಷಣ ಬಿಡುತ್ತದೆ. ಶ್ರುತಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳಿಸುತ್ತದೆ. ಇನ್ನು ಚಪ್ಪಾಳೆ: ನೂರಾರು ಕೈಗಳ ಸಾವಿರಾರು ಪೆಟ್ಟು, ಎರಡೂ ಕಡೆಯಿಂದ, ಯಾವ ಕ್ರಮವೂ ಇಲ್ಲದೆ. ಯಾವ ಫಾರ್ಮ್ಯಾಟೇ ಆಗಲಿ, ತಿಣುಕುವುದು ಇಲ್ಲಿ.

ಹೊಸ ಸಿ.ಡಿ.ಯ ಭಾವಗೀತೆ ಇವಕ್ಕಿಂತ ಸುಲಭ. ಹರಿಕಥೆ, ಉಪನ್ಯಾಸ, ತಾಳಮದ್ದಳೆಯ ಅರ್ಥಗಾರಿಕೆ ಇನ್ನೂ ಸುಲಭ.

ನಾಲ್ಕು ಫಾರ್ಮ್ಯಾಟ್‌ಗಳ ಪರಿಚಯ

ಎಂಪಿ3 ಹಳೆಯದು, ಆದರೆ ಇದನ್ನು ನುಡಿಸದ ಯಂತ್ರವೇ ಇಲ್ಲ. ಹತ್ತು ವರ್ಷದ ಹಿಂದಿನ ಕಾರ್ ಸ್ಟೀರಿಯೊ, ದೇವಸ್ಥಾನದ ಆಂಪ್ಲಿಫಯರ್‌ಗೆ ಸಿಕ್ಕಿಸುವ ಯುಎಸ್‌ಬಿ ಪ್ಲೇಯರ್, ಅಪ್ಪನ ಕೀಪ್ಯಾಡ್ ಫೋನು, ಎಲ್ಲಕ್ಕೂ ಇದು ಒಗ್ಗುತ್ತದೆ. ಪೇಟೆಂಟ್ ತಕರಾರೂ 2017ರ ಹೊತ್ತಿಗೆ ಮುಗಿದಿದೆ. ಇದನ್ನು ತಯಾರಿಸಲು ಲೇಮ್ ಎಂಬ ಉಚಿತ ಎನ್‌ಕೋಡರನ್ನೇ ಬಳಸಿ. ಎಷ್ಟೋ ವರ್ಷ ತಿದ್ದಿ ತೀಡಿದ ಅದು ಒಳ್ಳೆಯ ಫಲ ಕೊಡುತ್ತದೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದ ಒಳಗಿರುವುದೂ ಅದೇ.

ಎಎಸಿ 1997ರಲ್ಲಿ ಎಂಪಿ3ಯ ಮುಂದಿನ ಪೀಳಿಗೆಯಾಗಿ ಬಂತು. ಫೈಲಿನ ಹೆಸರು ಸಾಮಾನ್ಯವಾಗಿ 'ಎಂ4ಎ' ಎಂದು ಮುಗಿಯುತ್ತದೆ. ಆಪಲ್‌ನ ಐಟ್ಯೂನ್ಸ್ ಅಂಗಡಿ 2003ರಲ್ಲಿ 128 ಕೆಬಿಪಿಎಸ್ ಎಎಸಿಯಲ್ಲಿ ಹಾಡು ಮಾರತೊಡಗಿ, 2007ರಲ್ಲಿ 256ಕ್ಕೆ ಏರತೊಡಗಿತು. ಈಗಿನ ಎಲ್ಲ ಸ್ಮಾರ್ಟ್‌ಫೋನ್‌ಗಳೂ ಇದನ್ನು ನುಡಿಸುತ್ತವೆ. ಎಚ್ಇ-ಎಎಸಿ ಎಂಬ ಅದರ ತಮ್ಮನೊಬ್ಬನಿದ್ದಾನೆ. 64ರ ಕೆಳಗಿನ ಇಂಟರ್ನೆಟ್ ರೇಡಿಯೊಗೆ ಅವನು ಸರಿ, ಮನೆಯ ಸಂಗ್ರಹಕ್ಕೆ ಬೇಡ. ಅಲ್ಲಿ ಮೇಲಿನ ಸ್ಥಾಯಿಗಳನ್ನು ಮೂಲದಿಂದ ಉಳಿಸಿಕೊಳ್ಳುವುದಿಲ್ಲ, ಕೆಳಗಿನವುಗಳ ಆಧಾರದಲ್ಲಿ ಊಹಿಸಿ ಕಟ್ಟುತ್ತಾರೆ.

ಓಪಸ್ 2012ರದ್ದು. ಸ್ಕೈಪ್‌ನ ಮಾತಿನ ತಂತ್ರವನ್ನೂ ಕ್ಸಿಫ್ ಬಳಗದ ಸಂಗೀತದ ತಂತ್ರವನ್ನೂ ಬೆಸೆದು ಮಾಡಿದ, ರಾಯಲ್ಟಿ ಬೇಡವೆಂದೇ ಹೊರತಂದ ಫಾರ್ಮ್ಯಾಟ್. ಕಡಿಮೆ ಬಿಟ್‌ರೇಟಿನಲ್ಲಿ ಇದಕ್ಕೆ ಸಾಟಿಯಾಗುವುದು ಉಳಿದವಕ್ಕೆ ಕಷ್ಟ. ನೀವು ವಾಟ್ಸಾಪ್‌ನಲ್ಲಿ ಕಳಿಸುವ ಧ್ವನಿಸಂದೇಶ ಓಪಸ್. ಯೂಟ್ಯೂಬ್ ನೋಡುವಾಗಲೂ ಬಹಳ ಸಲ ಕೇಳುತ್ತಿರುವುದು ಅದನ್ನೇ. ಕೊರತೆ ಒಂದೇ: ಹಳೆಯ ಕಾರ್ ಸ್ಟೀರಿಯೊ, ಅಗ್ಗದ ಪ್ಲೇಯರ್‌ಗಳು ಇದನ್ನು ಗುರುತಿಸುವುದಿಲ್ಲ.

ಓಗ್ ವೋರ್ಬಿಸ್ ಓಪಸ್‌ನ ಹಿರಿಯ. ಗುಣದಲ್ಲಿ ಕಡಿಮೆಯೇನಲ್ಲ. ಈಗ ಹೊಸದಾಗಿ ಶುರು ಮಾಡುವವರು ಅದನ್ನು ಆರಿಸಲು ಕಾರಣವಿಲ್ಲ ಅಷ್ಟೆ.

ಹೀಗೆ ಮಾಡಿ

1. ಮೊದಲು ಮೂಲಪ್ರತಿ. ಟೇಪಿನಿಂದ ಬಂದದ್ದನ್ನು ಫ್ಲ್ಯಾಕ್‌ನಲ್ಲಿ ಉಳಿಸಿ. ಅದು ಒಂದು ಬಿಟ್ಟನ್ನೂ ಕಳೆಯದೆ ಜಾಗ ಉಳಿಸುವ ಫಾರ್ಮ್ಯಾಟ್. ಗಂಟೆಯ ಧ್ವನಿ ಸಾಮಾನ್ಯವಾಗಿ 300ರಿಂದ 400 ಎಂಬಿಯಲ್ಲಿ ಕೂರುತ್ತದೆ. ಒಂದು ಗಂಟೆಯ 100 ಕ್ಯಾಸೆಟ್‌ಗಳು 64 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತವೆ. ಇದೊಂದು ಕೈಯಲ್ಲಿದ್ದರೆ ಮುಂದಿನ ಯಾವ ಆಯ್ಕೆ ತಪ್ಪಿದರೂ ಮತ್ತೆ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಮತ್ತೆ ಟೇಪನ್ನೇ ಓಡಿಸಬೇಕು, ಆ ಹೊತ್ತಿಗೆ ಟೇಪು ಇರುತ್ತದೋ ಇಲ್ಲವೋ. ಈ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

2. ಮಟ್ಟ ನೋಡಿ. ಕುಗ್ಗಿಸುವ ಮುಂಚೆ ಅತಿ ಎತ್ತರದ ಪೆಟ್ಟು ಸೊನ್ನೆಯನ್ನು ಮುಟ್ಟದೆ ಕನಿಷ್ಠ ಒಂದು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹೊಂದಿಸಿ. ಕುಗ್ಗಿ ಮತ್ತೆ ಬಿಚ್ಚಿಕೊಳ್ಳುವ ಅಲೆ ಮೂಲದ ಪಡಿಯಚ್ಚಲ್ಲ. ಅಲ್ಲಲ್ಲಿ ತುಸು ಮೇಲಕ್ಕೆ ಚಿಮ್ಮುತ್ತದೆ. ಜಾಗವಿಲ್ಲದಿದ್ದರೆ ಅಲ್ಲಿ ಒಡಕು ಕೇಳಿಸುತ್ತದೆ.

3. ಮೋನೋ ಆಗಿದ್ದರೆ ಮೋನೋ ಮಾಡಿ. ಒಂದೇ ಮೈಕಿನ ಮುದ್ರಣ, ಆಕಾಶವಾಣಿಯ ಮೀಡಿಯಂ ವೇವ್‌ನಿಂದ ಹಿಡಿದದ್ದು, 78 ಆರ್‌ಪಿಎಂ ತಟ್ಟೆ, ಇವಕ್ಕೆ ಎರಡು ಚಾನೆಲ್ ಬೇಕಿಲ್ಲ. ಒಂದಾಗಿಸಿದರೆ ಅರ್ಧ ಬಿಟ್‌ರೇಟಿನಲ್ಲೇ ಅಷ್ಟೇ ಗುಣ ಸಿಗುತ್ತದೆ, ಟೇಪಿನ 'ಸುಯ್' ಸದ್ದೂ ಸ್ವಲ್ಪ ತಗ್ಗುತ್ತದೆ. ಒಂದು ಎಚ್ಚರ: ಟೇಪ್‌ರೆಕಾರ್ಡರಿನ ಹೆಡ್ ಓರೆಯಾಗಿದ್ದರೆ ಎರಡು ಚಾನೆಲ್ ಸೇರಿಸಿದಾಗ ಮೇಲಿನ ಸ್ಥಾಯಿಗಳು ಮಂಕಾಗುತ್ತವೆ. ಸೇರಿಸಿದ ಮೇಲೊಮ್ಮೆ ಕೇಳಿ. ಮಂಕಾಗಿದ್ದರೆ ಎರಡರಲ್ಲಿ ಚೆನ್ನಾಗಿರುವ ಚಾನೆಲ್ಲೊಂದನ್ನೇ ಇಟ್ಟುಕೊಳ್ಳಿ.

4. ವೇರಿಯಬಲ್ ಆರಿಸಿ. ಇದರಲ್ಲಿ ಎನ್‌ಕೋಡರ್ ಮೌನವಿದ್ದ ಕಡೆ ಕಡಿಮೆ, ತನಿ ಆವರ್ತನ ಬಂದ ಕಡೆ ಹೆಚ್ಚು ಬಿಟ್ ಖರ್ಚು ಮಾಡುತ್ತದೆ. ಕಾನ್‌ಸ್ಟಂಟ್ ಆದರೆ ಎರಡಕ್ಕೂ ಒಂದೇ ಅಳತೆ. ಆಡಾಸಿಟಿಯ ಎಂಪಿ3 ಪ್ರೀಸೆಟ್‌ಗಳಲ್ಲಿ 'ಸ್ಟ್ಯಾಂಡರ್ಡ್' ಎಂದರೆ 170ರಿಂದ 210, 'ಎಕ್ಸ್‌ಟ್ರೀಮ್' ಎಂದರೆ 220ರಿಂದ 260, 'ಇನ್ಸೇನ್' ಎಂದರೆ 320. ಬಹುತೇಕ ಸಂಗೀತಕ್ಕೆ ಸ್ಟ್ಯಾಂಡರ್ಡ್ ಸಾಕು. ಹಳೆಯ ಕಾರ್ ಸ್ಟೀರಿಯೊ ಹಾಡಿನ ಅವಧಿಯನ್ನು ತಪ್ಪು ತೋರಿಸಿದರೆ, ಅಥವಾ ಮುಂದಕ್ಕೋಡಿಸುವಾಗ ತಡವರಿಸಿದರೆ ಮಾತ್ರ ಕಾನ್‌ಸ್ಟಂಟ್ 192ಕ್ಕೆ ಬನ್ನಿ.

5. ಅಂಕಿ ಹೀಗಿರಲಿ. ಕಛೇರಿ, ಯಕ್ಷಗಾನ, ಭಾವಗೀತೆಗೆ ಎಂಪಿ3 ಆದರೆ 190ರ ಆಸುಪಾಸು, ಎಎಸಿ ಆದರೆ 160ರಿಂದ 192, ಓಪಸ್ ಆದರೆ 128. ಚೆಂಡೆಯೋ ತನಿ ಆವರ್ತನವೋ ಮುಖ್ಯವಾಗಿದ್ದರೆ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವವರಾದರೆ, ಎಂಪಿ3ಯನ್ನು 'ಎಕ್ಸ್‌ಟ್ರೀಮ್'ಗೆ ಏರಿಸಿ. ಮಾತಿಗೆ, ಮೋನೋದಲ್ಲಿ, ಎಂಪಿ3 64 ಸಾಕು. ಓಪಸ್ ಆದರೆ 32ರಲ್ಲೂ ಸ್ಪಷ್ಟ. ಜಾಗದ ಜಿಪುಣತನ ಬೇಡ. 192ರಲ್ಲಿ ಗಂಟೆಗೆ 86 ಎಂಬಿ. 64 ಜಿಬಿ ಪೆನ್‌ಡ್ರೈವ್‌ನಲ್ಲಿ 700 ಗಂಟೆಗಿಂತ ಹೆಚ್ಚು ಹಿಡಿಸುತ್ತದೆ.

6. ಮೂಲದ ಅಳತೆಯ ವೇಗ (ಸ್ಯಾಂಪಲ್ ರೇಟ್) ಬದಲಿಸಬೇಡಿ. 44.1 ಕಿಲೋಹರ್ಟ್ಸ್‌ನಲ್ಲಿ ಹಿಡಿದದ್ದನ್ನು ಎಂಪಿ3, ಎಎಸಿಗಳಲ್ಲಿ 44.1ರಲ್ಲೇ ಇಡಿ. ಓಪಸ್ ಮಾತ್ರ ತಾನೇ 48ಕ್ಕೆ ತಂದುಕೊಳ್ಳುತ್ತದೆ, ಅದರಿಂದ ಏನೂ ಕೆಡುವುದಿಲ್ಲ.

ಎಲ್ಲಿ ಎಡವುತ್ತಾರೆ?

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, 128ರ ಹಾಡನ್ನು 320ಕ್ಕೆ ಏರಿಸಿ 'ಕ್ವಾಲಿಟಿ ಹೆಚ್ಚಿಸಿದೆ' ಎಂದುಕೊಳ್ಳುವುದು. ಅರ್ಧ ಲೀಟರ್ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಹಾಲು ಒಂದು ಲೀಟರ್ ಆಗದು. ಬಿಟ್ಟದ್ದು ಬಿಟ್ಟೇ ಹೋಯಿತು. ಜೊತೆಗೆ ಎರಡನೇ ಎನ್‌ಕೋಡರ್ ತನ್ನ ಪಾಲಿನ ಗದ್ದಲವನ್ನೂ ಸೇರಿಸುತ್ತದೆ. ಎಂಪಿ3ಯಿಂದ ಎಎಸಿಗೆ, ಎಎಸಿಯಿಂದ ಓಪಸ್‌ಗೆ ಬದಲಿಸಿದರೂ ಇದೇ ಕತೆ. ಇರುವುದು 128ರ ಎಂಪಿ3 ಒಂದೇ ಆಗಿದ್ದರೆ ಅದನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳುವುದೇ ಉತ್ತಮ.

ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡುಗಳಲ್ಲಿ '150 ಹಾಡುಗಳು' ಎಂದು ಬರೆದ ಎಂಪಿ3 ಸಿ.ಡಿ.ಗಳು ರಾಶಿ ರಾಶಿ ಮಾರಾಟವಾಗುತ್ತಿದ್ದವು. ಲೆಕ್ಕ ಹಾಕಿ ನೋಡಿ: 700 ಎಂಬಿ ತಟ್ಟೆ, ಹಾಡಿಗೆ ಐದು ನಿಮಿಷ. ಸರಾಸರಿ 128ರ ಸುತ್ತಮುತ್ತಲೇ ಬರುತ್ತದೆ. '200 ಹಾಡು' ಎಂದಿದ್ದರೆ ನೂರನ್ನೂ ಮುಟ್ಟುವುದಿಲ್ಲ. ಇಂದು ಕೈಯಿಂದ ಕೈಗೆ ಓಡಾಡುವ ಹಳೆಯ ಚಿತ್ರಗೀತೆಗಳ ಫೈಲುಗಳಲ್ಲಿ ಎಷ್ಟೋ ಇಂಥ ತಟ್ಟೆಗಳಿಂದ ಹೊರಟು, ನಡುವೆ ಯಾರೋ ದೊಡ್ಡ ಅಂಕಿಗೆ ಏರಿಸಿದಂಥವು. ಅನುಮಾನ ಬಂದರೆ ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆಯಿರಿ. 320 ಎಂದು ಹೇಳಿಕೊಳ್ಳುವ ಹಾಡಿನ ಚಿತ್ರ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ನೇರಗೆರೆಯಲ್ಲಿ ನಿಂತಿದ್ದರೆ, ಅದು ಹಿಂದೊಮ್ಮೆ 128 ಆಗಿತ್ತು ಎಂದು ಸಂಶಯಪಡಲು ಕಾರಣವಿದೆ. ಆದರೆ ಹಳೆಯ ಟೇಪು, ಹಳೆಯ ರೇಡಿಯೊ ಮುದ್ರಣಗಳಲ್ಲಿ ಮೇಲಿನ ಸ್ಥಾಯಿಗಳು ಮೂಲದಲ್ಲೇ ಇರುವುದಿಲ್ಲ. ಅಲ್ಲಿ ಚಿತ್ರ ಮೆಲ್ಲಗೆ ಮಸುಕಾಗುತ್ತದೆ, ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಎಂದು ಬಗೆಯಬಾರದು.

'ಜಾಯಿಂಟ್ ಸ್ಟೀರಿಯೊ' ಎಂದರೆ ಅರೆಬರೆ ಸ್ಟೀರಿಯೊ ಎಂಬ ಭಯವೂ ಹಲವರಿಗಿದೆ. ಎರಡೂ ಚಾನೆಲ್‌ನಲ್ಲಿ ಸಮಾನವಾಗಿರುವುದನ್ನು ಒಂದೇ ಸಲ ಬರೆದು, ವ್ಯತ್ಯಾಸವನ್ನು ಬೇರೆ ಬರೆಯುವ ಜಾಣ ವಿಧಾನ ಅದು. ಗಾಯಕ ನಡುವೆ ನಿಂತ ಕಛೇರಿಯಲ್ಲಿ ಬಹಳ ಬಿಟ್ ಉಳಿಸುತ್ತದೆ. ಲೇಮ್ ಅದನ್ನೇ ಆರಿಸುತ್ತದೆ, ಹಾಗೇ ಬಿಡಿ.

ಟೇಪಿನ 'ಸುಯ್' ಸದ್ದನ್ನು ಪೂರ್ತಿ ಅಳಿಸಲು ಹೋಗುವುದು ಇನ್ನೊಂದು ತಪ್ಪು. ಆ ಸದ್ದಿಗೆ ಯಾವ ಕ್ರಮವೂ ಇಲ್ಲದ್ದರಿಂದ ವೇರಿಯಬಲ್‌ನಲ್ಲಿ ಅದು ಬಿಟ್ ತಿನ್ನುವುದು ನಿಜ. ಹದವಾಗಿ ತಗ್ಗಿಸಿದರೆ ಲಾಭವೂ ಇದೆ. ಅತಿಯಾದರೆ ಹಾಡಿನ ಉಸಿರು, ತಂಬೂರಿಯ ಹೊಳಪು ಎರಡೂ ಅದರ ಜೊತೆ ಹೋಗುತ್ತವೆ. ಉಳಿಯುವ ಗುಳುಗುಳು ಸದ್ದು ಕಡಿಮೆ ಬಿಟ್‌ರೇಟಿನದ್ದಕ್ಕಿಂತ ಬೇರೆಯೆನಿಸುವುದಿಲ್ಲ. ತಗ್ಗಿಸುವ ಮುಂಚಿನ ಫ್ಲ್ಯಾಕ್ ಪ್ರತಿಯನ್ನಂತೂ ಅಳಿಸಲೇಬೇಡಿ.

ಹಂಚುವಾಗಲೂ ಜೋಪಾನ. ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಟ್ಸಾಪ್ ಧ್ವನಿಸಂದೇಶವಾಗಿ ಕಳಿಸಿದರೆ, ಮಾತಿಗೆಂದು ರೂಪಿಸಿದ ಕಡಿಮೆ ಬಿಟ್‌ರೇಟಿನ ಮೋನೋ ಆಗಿ ಹಾಡು ಸೊರಗುತ್ತದೆ. ವಿಡಿಯೊ ಆಗಿ ಕಳಿಸಿದರೂ ವಾಟ್ಸಾಪ್ ಮತ್ತೆ ಕುಗ್ಗಿಸುತ್ತದೆ. ಫೈಲನ್ನು 'ಡಾಕ್ಯುಮೆಂಟ್' ಆಗಿ ಲಗತ್ತಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ. ಯೂಟ್ಯೂಬ್ ನೀವು ಏನೇ ಏರಿಸಿದರೂ ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸಿಯೇ ತೀರುತ್ತದೆ. ಆದ್ದರಿಂದ ಅಲ್ಲಿಗೆ ಮೂಲಪ್ರತಿಯಿಂದಲೇ ವಿಡಿಯೊ ಮಾಡಿ. ಸ್ಟೀರಿಯೊಗೆ ಯೂಟ್ಯೂಬ್ ಸೂಚಿಸುವುದು 384 ಕೆಬಿಪಿಎಸ್ ಎಎಸಿ.

ಕೊನೆಯ ತೀರ್ಪು ಕಿವಿಯದ್ದು

ಮೇಲಿನ ಅಂಕಿಗಳು ಆರಂಭಕ್ಕೆ. ವಯಸ್ಸು ಏರಿದಂತೆ ಮೇಲಿನ ಸ್ಥಾಯಿಗಳು ಕೇಳಿಸುವುದು ಕಡಿಮೆಯಾಗುತ್ತದೆ. ಅರವತ್ತು ದಾಟಿದ ತಂದೆಗೆ ತಿಳಿಯದ ವ್ಯತ್ಯಾಸ ಕಾಲೇಜಿಗೆ ಹೋಗುವ ಮಗಳಿಗೆ ತಿಳಿಯಬಹುದು. ಸ್ವತಃ ಪರೀಕ್ಷಿಸುವುದೇ ದಾರಿ. ಆದರೆ ಯಾವುದು 320, ಯಾವುದು 128 ಎಂದು ಗೊತ್ತಿಟ್ಟುಕೊಂಡು ಕೇಳಿದರೆ ಮನಸ್ಸು ಮೊದಲೇ ತೀರ್ಪು ಬರೆದಿರುತ್ತದೆ. ಹೆಸರು ಮುಚ್ಚಿ ಕೇಳಬೇಕು. ಫೂಬಾರ್2000 ಪ್ಲೇಯರಿಗೆ ಇದಕ್ಕೆಂದೇ ಎಬಿಎಕ್ಸ್ ಎಂಬ ಪೂರಕ ತಂತ್ರಾಂಶವಿದೆ. ಅದು ಮೂಲವನ್ನೂ ಕುಗ್ಗಿಸಿದ್ದನ್ನೂ ಕೇಳಿಸಿ, ಆಮೇಲೆ ಎರಡರಲ್ಲಿ ಒಂದನ್ನು ಹೆಸರು ಹೇಳದೆ ಕೇಳಿಸಿ, ಯಾವುದೆಂದು ಗುರುತಿಸಲು ಹೇಳುತ್ತದೆ. ಹದಿನಾರು ಸಲ ಆಡಿ. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ವ್ಯತ್ಯಾಸ ನಿಜಕ್ಕೂ ಕೇಳಿಸುತ್ತಿದೆ ಎಂದು ನಂಬಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟೊಂಬತ್ತಾದರೆ ಅದು ಊಹೆಯೇ.

ಪರೀಕ್ಷೆಗೆ ಇಡೀ ಹಾಡು ಬೇಡ, ಹತ್ತು ಸೆಕೆಂಡಿನ ತುಣುಕು ಸಾಕು. ಒಂಟಿ ಚೆಂಡೆಪೆಟ್ಟು, ಆಲಾಪನೆಯ ಹಿಂದೆ ತಂಬೂರಿಯೊಂದೇ ಉಳಿದ ಜಾಗ, ಪದ್ಯ ಮುಗಿದು ಚಪ್ಪಾಳೆ ಏಳುವ ಹೊತ್ತು, ಈ ಮೂರನ್ನು ನಿಮ್ಮದೇ ಸಂಗ್ರಹದಿಂದ ಕತ್ತರಿಸಿಕೊಳ್ಳಿ. ಬ್ಲೂಟೂತ್ ಬೇಡ, ವೈರಿನ ಹೆಡ್‌ಫೋನ್ ಇರಲಿ. ಬ್ಲೂಟೂತ್‌ನಲ್ಲಿ ಹೋಗುವ ಧ್ವನಿಯನ್ನು ಫೋನು ಎಸ್‌ಬಿಸಿ, ಎಎಸಿ, ಎಲ್‌ಡಿಎಸಿಯಂಥ ಯಾವುದೋ ಒಂದಕ್ಕೆ ಮತ್ತೆ ಕುಗ್ಗಿಸಿಯೇ ಕಳಿಸುವುದರಿಂದ ನೀವು ತೂಗುತ್ತಿರುವುದು ಯಾವುದನ್ನು ಎಂಬುದೇ ತಿಳಿಯದು. 128ರಿಂದ ಶುರು ಮಾಡಿ. ಮೂರು ತುಣುಕಿನಲ್ಲಿ ಒಂದಾದರೂ ಸಿಕ್ಕಿಬಿದ್ದರೆ 160ಕ್ಕೆ, ಅಲ್ಲೂ ಸಿಕ್ಕಿದರೆ 192ಕ್ಕೆ ಏರಿ. ಎಲ್ಲಿ ಗುರುತಿಸಲು ಆಗಲಿಲ್ಲವೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ, ಇಡೀ ಫೋಲ್ಡರನ್ನು ಆ ಲೆಕ್ಕದಲ್ಲಿ ಎನ್‌ಕೋಡರಿಗೆ ಕೊಡಿ.